ಬಯಲಲ್ಲಿ ಮನೆ ಕಟ್ಟುವ ಮೇಸ್ತ್ರಿ

ಪೇಟೆಯ ಗಡಿಯಾರದ ಗೋಪುರ ಏಳುವಾಗ ಅದಕ್ಕೆ ಸಾರುವೆ ಕಟ್ಟಿದವನು ಈ ಮೇಸ್ತ್ರಿಯ ಮುತ್ತಜ್ಜ. ಕಲ್ಲು ಕೆತ್ತಿದವರ ಹೆಸರು ಗೋಪುರದ ಬುಡದಲ್ಲಿದೆ, ಗಡಿಯಾರ ಕೂರಿಸಿದವನ ಹೆಸರು ಅದರ ಮುಖದ ಮೇಲಿದೆ. ಸಾರುವೆಯವನ ಹೆಸರು ಎಲ್ಲೂ ಇಲ್ಲ. ಇರುವುದಾದರೂ ಹೇಗೆ? ಉಳಿದವರು ಕೆಲಸ ಮುಗಿಸಿ ಬಿಟ್ಟು ಹೋಗುತ್ತಾರೆ, ಸಾರುವೆಯವನು ಕೆಲಸ ಮುಗಿಸಿ ಬಿಚ್ಚಿಕೊಂಡು ಹೋಗುತ್ತಾನೆ. ಒಂದೇ ಒಂದು ಮೊಳೆ ಹೊಡೆಯದೆ, ಬರೀ ಬಿದಿರಿನ ಗಳ ಮತ್ತು ಸೆಣಬಿನ ಹುರಿಯಲ್ಲಿ ಆತ ಅಷ್ಟೆತ್ತರಕ್ಕೆ ದಾರಿ ಮಾಡಿಕೊಟ್ಟಿದ್ದ. ಊಟಕ್ಕೆಂದು ಕೆಳಗಿಳಿಯುವುದು ಸೋಮಾರಿಗಳ ಲಕ್ಷಣ ಎಂದು ಮೇಲಿನ ಅಡ್ಡಗಳದ ಮೇಲೆಯೇ ಕಾಲು ಇಳಿಬಿಟ್ಟುಕೊಂಡು ಉಣ್ಣುತ್ತಿದ್ದನಂತೆ.

ಅಜ್ಜನದು ಇನ್ನೊಂದು ಕತೆ. ನ್ಯಾಯಾಲಯಕ್ಕೆ ಬೆಂಕಿ ಬಿದ್ದು, ಒಳಗಿನದೆಲ್ಲ ಬೂದಿಯಾಗಿ, ಮುಂಗೋಡೆಯೊಂದು ಮಾತ್ರ ಕುಡುಕನಂತೆ ಬೀದಿಯ ಕಡೆ ವಾಲಿಕೊಂಡು ನಿಂತಿತ್ತು. ಬೀಳಿಸಿಬಿಡೋಣ ಎಂದವರೇ ಹೆಚ್ಚು. ಅಜ್ಜ ಯಾರನ್ನೂ ಕೇಳದೆ ಗಳ ಹೊರಿಸಿಕೊಂಡು ಬಂದು ಗೋಡೆ ಬೀಳದಂತೆ ಒತ್ತುಗಂಬ ಕೊಡಲು ಶುರುಮಾಡಿದ. ಅಜ್ಜಿ ಬೀದಿಯಲ್ಲಿಯೇ ಕೂತು ಹುರಿ ಹೊಸೆದು ಹೊಸೆದು ಮೇಲಕ್ಕೆ ಎಸೆದಳು. ಅವಳ ಅಂಗೈ ಸುಲಿದು ಹುರಿಗೆ ಕೆಂಪು ಹತ್ತಿತ್ತು ಎನ್ನುತ್ತಾರೆ. ಸೂರ್ಯ ಮುಳುಗುವ ಹೊತ್ತಿಗೆ ಗೋಡೆ ನಿಂತಿತು. ಇವತ್ತಿಗೂ ಆ ಊರಿನವರು ಕಟಕಟೆ ಹತ್ತಬೇಕಾದರೆ ಅದೇ ಗೋಡೆಯ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಹೋಗಬೇಕು.

ಅಪ್ಪನ ಕಾಲದಲ್ಲಿ ಊರು ಒಂದು ದೊಡ್ಡ ಪೆಟ್ಟು ತಿಂದಿತು. ಹಳೆಯ ನಾಟಕಶಾಲೆಯನ್ನು ಅದರ ಒಡೆಯ ಒಂದು ಬೆಳಿಗ್ಗೆ ಕೆಡವಿಸಿಬಿಟ್ಟ. ಜನ ಎದ್ದು ಹಲ್ಲುಜ್ಜುವಷ್ಟರಲ್ಲಿ ಅದರ ಕಮಾನು ಧೂಳಾಗಿತ್ತು. ಇದ್ದಾಗ ಅದರ ಗೋಡೆಗೆ ಉಗುಳುತ್ತಿದ್ದವರೇ ಹೋದಮೇಲೆ ಕಣ್ಣೊರೆಸಿಕೊಂಡರು. ಆ ಸಂಕಟದಲ್ಲಿ ಹುಟ್ಟಿದ್ದು ಹಳೇಪೇಟೆಯ ಕಟ್ಟಡ ಸಮಿತಿ. ಅಂದಿನಿಂದ ಹಳೇಪೇಟೆಯಲ್ಲಿ ಯಾರೇ ಆಗಲಿ ಕಿಟಕಿ ಬದಲಿಸಬೇಕಾದರೆ, ಬಣ್ಣ ಬಳಿಯಬೇಕಾದರೆ, ಮೇಲೊಂದು ಅಂತಸ್ತು ಏರಿಸಬೇಕಾದರೆ, ಮೊದಲು ಸಮಿತಿಯ ಮುಂದೆ ಬರಬೇಕು. ಬೀದಿಯವರು ಕೂತು ಕೇಳುತ್ತಾರೆ, ಬೇಕು ಬೇಡ ಹೇಳುತ್ತಾರೆ. ನಕ್ಷೆ ಓದಲು ಬಾರದವರಿಗೂ ಆಗಲಿರುವುದು ಕಣ್ಣಿಗೆ ಕಾಣಬೇಕಲ್ಲ? ಅದಕ್ಕಾಗಿ ಒಂದು ಕಟ್ಟಳೆ ಮಾಡಿದರು. ಏರಿಸಬೇಕೆಂದಿರುವ ಕಟ್ಟಡ ಎಷ್ಟು ಎತ್ತರ, ಎಷ್ಟು ಅಗಲ ಬರುತ್ತದೋ ಅಷ್ಟಕ್ಕೆ ಮೂಲೆಮೂಲೆಗೆ ಗಳ ನೆಟ್ಟು, ತುದಿಯಿಂದ ತುದಿಗೆ ಹುರಿ ಎಳೆದು, ಹುರಿಗೆ ಕಿತ್ತಳೆ ಬಣ್ಣದ ಬಟ್ಟೆ ಕಟ್ಟಿ, ಬರಲಿರುವ ಮನೆಯನ್ನು ಬಯಲಿನಲ್ಲಿ ಬರೆದು ತೋರಿಸಬೇಕು. ಇದಕ್ಕೆ ತೋರುಗಳ ಎಂದು ಹೆಸರು ಬಿತ್ತು. ತೋರುಗಳ ಕಟ್ಟುವವನ ಎದೆಗೆ ಸಮಿತಿಯ ಹಿತ್ತಾಳೆ ಬಿಲ್ಲೆ ಇರಬೇಕು. ಮೊದಲ ಬಿಲ್ಲೆ ಸಿಕ್ಕಿದ್ದು ಅಪ್ಪನಿಗೆ. ಅಪ್ಪ ಹೋದಮೇಲೆ ಅದೇ ಬಿಲ್ಲೆ, ಹುಣಿಸೆಹಣ್ಣು ಹಾಕಿ ತಿಕ್ಕಿಸಿಕೊಂಡು, ಮಗನ ಎದೆಗೆ ಬಂತು.

ಆ ಮಗನೇ ನಮ್ಮ ಮೇಸ್ತ್ರಿ. ಊರವರು ಇಟ್ಟ ಹೆಸರು ಬಯಲುಮೇಸ್ತ್ರಿ. ಅವನು ಕಟ್ಟಿದ ಮನೆಗಳಿಗೆ ಗೋಡೆಯಿಲ್ಲ, ಸೂರಿಲ್ಲ. ಅವುಗಳಲ್ಲಿ ಅರ್ಧಕ್ಕರ್ಧ ಸಮಿತಿ ಬೇಡವೆಂದದ್ದರಿಂದ ಎಂದೂ ಕಟ್ಟದೆ ಹೋದವು. ಇಟ್ಟಿಗೆ ಕೆಲಸದವರು ಅವನನ್ನು ಕಂಡರೆ ಕೆಣಕುವರು: ನಿನ್ನ ಮನೆಗೆ ಬಾಡಿಗೆಗೆ ಬರೋಣ ಅಂದ್ರೆ ಬೀಗ ಎಲ್ಲಿ ಹಾಕೋದು ಮಾರಾಯ? ಅವನೂ ಸುಮ್ಮನಿರುವವನಲ್ಲ. ನೀವು ಕಟ್ಟಿದ್ದು ಸೋರುತ್ತೆ, ನಾನು ಕಟ್ಟಿದ್ದು ಸೋರಲ್ಲ ಎಂದು ಬಾಯಿ ಮುಚ್ಚಿಸುವನು.

ಹೆಮ್ಮೆಯ ಮನುಷ್ಯ. ಬೇರೆಯವರು ನೈಲಾನ್ ದಾರಕ್ಕೆ, ಉಕ್ಕಿನ ತಂತಿಗೆ ತಿರುಗಿಕೊಂಡರೂ ಅವನು ಅಜ್ಜಿಯ ಸೆಣಬಿನ ಹುರಿಯನ್ನು ಬಿಡಲಿಲ್ಲ. ನೈಲಾನಿನ ಗಂಟಿಗೆ ನಾಚಿಕೆ ಇಲ್ಲ, ಎಲ್ಲಿ ಬೇಕಾದರೂ ಜಾರುತ್ತದೆ ಎನ್ನುವನು. ಸೆಣಬಿಗೂ ಒಂದು ಗುಣವಿದೆ. ಒದ್ದೆಯಾದರೆ ಬಿಗಿಯುತ್ತದೆ, ಒಣಗಿದರೆ ಜೋಲುತ್ತದೆ. ಇಬ್ಬನಿಯಲ್ಲಿ ಎಳೆದ ಹುರಿಯನ್ನು ಬಿಸಿಲೇರಿದ ಮೇಲೆ ಮತ್ತೆ ಹತ್ತಿ ಬಿಗಿಯಬೇಕು. ಅಪ್ಪ ಇದನ್ನು ಹೇಳಿಕೊಟ್ಟದ್ದು ಬಾಯಲ್ಲಲ್ಲ, ಒಮ್ಮೆ ಮರೆತಾಗ ಬೆನ್ನ ಮೇಲೆ ಅದೇ ಹುರಿಯಲ್ಲಿ. ಆಮೇಲೆ ಮರೆತದ್ದಿಲ್ಲ.

ಮೇಸ್ತ್ರಿಗೆ ಒಬ್ಬಳೇ ಅಕ್ಕ. ಅವಳದು ರಫೂ ಕೆಲಸ. ಹಳೇಪೇಟೆಯ ಕಿರಿದಾದ ಬೀದಿಯೊಂದರಲ್ಲಿ, ಒಂದಕ್ಕೊಂದು ಹೆಗಲು ಕೊಟ್ಟು ನಿಂತ ಸಾಲುಮನೆಗಳ ಪೈಕಿ ಒಂದರ ಮೇಲ್ಮಾಳಿಗೆಯಲ್ಲಿ ಅವಳ ಕೋಣೆ. ಒಂದೇ ಕಿಟಕಿ. ಕಿಟಕಿಯ ಪಕ್ಕ ಮಣೆಯಂಥ ಮೇಜು, ಬೆನ್ನಿಲ್ಲದ ಒಂದು ಕುರ್ಚಿ. ಕೋಟಿಗೆ ಕಿಡಿ ಬಿದ್ದು ತೂತಾಗಿರಲಿ, ಶಾಲನ್ನು ಇಲಿ ಕಡಿದಿರಲಿ, ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿ, ತೂತಿನ ಮೇಲೆ ಅಡ್ಡ ಉದ್ದ ನೇಯ್ದು ಕೂರಿಸುವಳು. ಆಮೇಲೆ ತೂತು ಎಲ್ಲಿತ್ತೆಂದು ಬಟ್ಟೆಯ ಒಡೆಯನಿಗೇ ಹುಡುಕಲು ಆಗುತ್ತಿರಲಿಲ್ಲ. ಕೆಲವರು, ಇವಳು ಬೇರೆ ಕೋಟು ಕೊಟ್ಟಳೋ ಏನೋ ಎಂದು ಜೇಬು ತಡಕಿ ನೋಡಿದ್ದೂ ಉಂಟು. ಈ ಕೆಲಸಕ್ಕೆ ಅವಳಿಗೆ ಬೇಕಾಗಿದ್ದು ಹಗಲು ಬೆಳಕು ಒಂದೇ. ದೀಪದ ಬೆಳಕಿನಲ್ಲಿ ಕಪ್ಪೂ ಕಡುನೀಲಿಯೂ ಅಣ್ಣತಮ್ಮಂದಿರಂತೆ ಕಾಣುತ್ತವೆ, ಹಗಲಲ್ಲಿ ಮಾತ್ರ ಅವುಗಳ ಜಗಳ ಗೊತ್ತಾಗುತ್ತದೆ ಎನ್ನುವಳು.

ಅವಳ ಕಿಟಕಿಯ ಎದುರಿಗೆ, ಬೀದಿಯ ಆಚೆ ಬದಿಗೆ, ಕನ್ನಡಕದ ಅಂಗಡಿಯವನ ಮನೆ. ಕೆಳಗೆ ಅಂಗಡಿ, ಮೇಲೆ ಸಂಸಾರ. ಸಾಲಿನ ಎಲ್ಲ ಮನೆಗಳಿಗೂ ಇರುವಂತೆ ಕೆತ್ತಿದ ಮರದ ಕಿಟಕಿ, ಸುಣ್ಣದ ಗೋಡೆ, ಮೇಲೆ ಗಿಡ್ಡ ಕೈಪಿಡಿಗೋಡೆ. ಆ ಗೋಡೆಯ ಮೇಲಿನಿಂದ ಗಡಿಯಾರದ ಗೋಪುರದ ಗುಮ್ಮಟ ಕಾಣುತ್ತಿತ್ತು. ಗುಮ್ಮಟದ ಸುತ್ತಲ ಆಕಾಶವೇ ಅಕ್ಕನ ದೀಪ. ಕನ್ನಡಕದವನು ಕೆಟ್ಟವನಲ್ಲ. ಮಗಳು ಗಂಡನನ್ನು ಕಳೆದುಕೊಂಡು ಮಕ್ಕಳೊಂದಿಗೆ ತವರಿಗೆ ಬಂದಿದ್ದಳು. ಅವಳಿಗೆ ಇರಲು ಜಾಗವಿರಲಿಲ್ಲ. ಮೇಲೊಂದು ಅಂತಸ್ತು ಬೇಕೆಂದು ಸಮಿತಿಗೆ ಬಂದ, ನಕ್ಷೆ ಕೊಟ್ಟ, ತೋರುಗಳಕ್ಕೆ ಮೇಸ್ತ್ರಿಯನ್ನೇ ಕರೆದ. ಅಕ್ಕನ ಕಿಟಕಿಯ ಎದುರಿನ ಕೆಲಸ, ಬೇರೆಯವರನ್ನು ಕರೆಯಿರಿ ಎಂದು ಮೇಸ್ತ್ರಿ ಹೇಳಬಹುದಿತ್ತು. ಅಕ್ಕನೇ ಬೇಡವೆಂದಳು. ಬೇರೆಯವನು ಕಟ್ಟಿದರೆ ನಾನು ಅಳತೆ ಕೋಲು ಹಿಡಿದು ನೋಡಬೇಕು, ನೀನು ಕಟ್ಟಿದರೆ ಕಣ್ಣು ಮುಚ್ಚಿಕೊಂಡು ನಂಬುತ್ತೇನೆ ಎಂದಳು.

ಆ ದಿನ ಮುಂಜಾನೆ ಸಣ್ಣಗೆ ಜಿನುಗುತ್ತಿತ್ತು. ಮೇಸ್ತ್ರಿ ಇಬ್ಬರು ಆಳುಗಳನ್ನು ಕಟ್ಟಿಕೊಂಡು ಗಳ ನೆಟ್ಟ. ನಾಲ್ಕು ಮೂಲೆಯ ಗಳಗಳೂ ನಕ್ಷೆಯಲ್ಲಿದ್ದ ಎತ್ತರಕ್ಕೆ ಕೂದಲೆಳೆಯಷ್ಟೂ ತಪ್ಪದೆ ನಿಂತವು. ಮುಂಭಾಗದ ಎರಡು ಗಳಗಳ ನಡುವೆ ಮನೆಯ ಅಗಲಕ್ಕೂ ಹುರಿ ಎಳೆದ. ಬೆರಳಲ್ಲಿ ಮೀಟಿದರೆ ತಂಬೂರಿಯಂತೆ ಝೇಂಕರಿಸುವಷ್ಟು ಬಿಗಿಯಾಗಿತ್ತು. ಬಟ್ಟೆ ಕಟ್ಟಿ ಕೆಳಗಿಳಿದಾಗ ಮೋಡ ಹರಿಯಿತು. ಬಿಸಿಲು ಸುರಿಯಿತು.

ಸಮಿತಿಯವರು ಮಧ್ಯಾಹ್ನದ ಮೇಲೆ ನೋಡಲು ಬರುವವರಿದ್ದರು. ಹುರಿ ಒಣಗಿ ಜೋಲುವ ಹೊತ್ತು ಮೇಸ್ತ್ರಿಗೆ ಗಡಿಯಾರ ನೋಡದೆಯೇ ಗೊತ್ತು. ಎದ್ದ, ಮೇಲೆ ಹೋದ. ಕೈಪಿಡಿಗೋಡೆಯ ಮೇಲೆ ಒಂದು ಕಾಲಿಟ್ಟು, ಗಳಕ್ಕೆ ಕಟ್ಟಿದ ಮೆಟ್ಟಿನ ಮೇಲೆ ಇನ್ನೊಂದು ಕಾಲಿಟ್ಟ.

ಆಗ ಆ ಕಾಲು ನಡುಗಿತು.

ಅವನಿಗೆ ಮೊದಲು ಅದು ತನ್ನದೇ ಕಾಲು ಎಂದು ಅನ್ನಿಸಲಿಲ್ಲ. ಗಳ ಅಲುಗುತ್ತಿದೆ ಎಂದುಕೊಂಡ. ಗಳ ಬಂಡೆಯಂತೆ ನಿಂತಿತ್ತು. ಕೆಳಗೆ ನೋಡಿದ. ಯಾವತ್ತೂ ನೋಡುವವನೇ. ಈ ಸಲ ಬೀದಿ ಬಾವಿಯ ನೀರಿನಂತೆ ತುಳುಕಿತು. ಮೆಲ್ಲಗೆ ಕಾಲು ಹಿಂದಕ್ಕೆ ತೆಗೆದುಕೊಂಡು, ಗೋಡೆಯ ಒಳಬದಿಗೆ ಕುಸಿದು ಕೂತು, ಎರಡು ಕೈಯಲ್ಲೂ ಇಟ್ಟಿಗೆ ಹಿಡಿದುಕೊಂಡ. ಹುಟ್ಟಿದಾಗಿನಿಂದ ಎತ್ತರದಲ್ಲಿ ಬದುಕಿದ ಮನುಷ್ಯ ಬರೀ ಎರಡಂತಸ್ತಿನ ಮಾಳಿಗೆಯ ಮೇಲೆ ಹಾಗೆ ಕೂತದ್ದನ್ನು ಯಾರೂ ನೋಡಲಿಲ್ಲ.

ಕೆಳಗೆ ಆಳುಗಳು ಬೀಡಿ ಸೇದುತ್ತಿದ್ದರು. ಒಬ್ಬನನ್ನು ಕೂಗಿ, ನೀನು ಹತ್ತು, ಹುರಿ ಬಿಗಿ ಎನ್ನಬಹುದಿತ್ತು. ಯಾಕೆ ಮೇಸ್ತ್ರಿ, ನೀವು? ಎಂದು ಅವನು ಕೇಳುತ್ತಿದ್ದ. ಆ ಪ್ರಶ್ನೆಗೆ ಉತ್ತರ ಹೇಳುವುದಕ್ಕಿಂತ ಬಿದ್ದು ಸಾಯುವುದು ಮೇಲೆಂದು ಕಂಡಿತು. ಸಾಯಲು ಬೇಕಾದಷ್ಟು ಮೇಲೆ ಹತ್ತುವ ಧೈರ್ಯವೂ ಆ ಹೊತ್ತಿಗೆ ಇರಲಿಲ್ಲ. ಮೆಟ್ಟಿಲಿಳಿದು ಬಂದ. ನೀರು ಕುಡಿದ. ಬೀದಿಯಲ್ಲಿ ನಿಂತು, ಒಂದು ಕಣ್ಣು ಮುಚ್ಚಿ ಹುರಿಯನ್ನು ನೋಡಿದ. ತೀರ ಜೋಲಿಲ್ಲ, ಪರವಾಗಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂದು ನಗುತ್ತೇವೆ. ಅದಕ್ಕೆ ಹಾಲಾದರೂ ಸಿಗುತ್ತದೆ.

ಸಮಿತಿ ಬಂತು. ಸಮಿತಿಯ ಅಧ್ಯಕ್ಷೆ ನಿವೃತ್ತ ಶಾಲಾ ಶಿಕ್ಷಕಿ, ಊರವರೆಲ್ಲ ಟೀಚರಮ್ಮ ಎಂದೇ ಕರೆಯುವವಳು. ಬೀದಿಯಲ್ಲಿ ನಿಂತು ನೋಡಿದರು. ಆಮೇಲೆ ಅಕ್ಕನ ಕೋಣೆಗೆ ಹತ್ತಿ ಬಂದು, ಅವಳ ಬೆನ್ನಿಲ್ಲದ ಕುರ್ಚಿಯ ಮೇಲೆ ಒಬ್ಬೊಬ್ಬರಾಗಿ ಕೂತು ಕಿಟಕಿಯಿಂದ ನೋಡಿದರು. ಅಲ್ಲಿಂದ ಮೂಲೆಯ ಗಳಗಳು ಕಾಣುವುದಿಲ್ಲ, ಹುರಿಯ ನಡುಭಾಗ ಮಾತ್ರ. ಅದೇ ಜೋತುಬಿದ್ದಿದ್ದ ಭಾಗ. ಹುರಿಯ ಮೇಲೆ ಗುಮ್ಮಟ ಪೂರ್ತಿ ಕಾಣುತ್ತಿತ್ತು, ಆಕಾಶವೂ ಬೇಕಾದಷ್ಟಿತ್ತು. ನಿಮಗೇನಾದರೂ ಆಕ್ಷೇಪಣೆ ಇದೆಯಾ ಎಂದು ಟೀಚರಮ್ಮ ಕೇಳಿದಾಗ ಅಕ್ಕ, ಇಷ್ಟೇ ಆದರೆ ಬರಲಿ ಬಿಡಿ, ಆ ಹುಡುಗಿಗೂ ತಲೆ ಮೇಲೊಂದು ಸೂರು ಬೇಕಲ್ಲ ಎಂದಳು. ಸಭೆಯಲ್ಲಿ ಒಪ್ಪಿಗೆ ಸಿಕ್ಕಿತು. ಕಿಟಕಿ ಮರದ್ದೇ ಆಗಿರಬೇಕು, ಗೋಡೆಗೆ ಸುಣ್ಣವೇ ಆಗಬೇಕು ಎಂದು ಸೇರಿಸಿದರು. ಕನ್ನಡಕದವನು ಎಲ್ಲಕ್ಕೂ ಹೂಂ ಎಂದ.

ಗೋಡೆ ಎದ್ದಿತು. ನಕ್ಷೆಯಲ್ಲಿದ್ದಷ್ಟೇ ಎದ್ದಿತು. ಹುರಿ ತೋರಿಸಿದ್ದಕ್ಕಿಂತ ಒಂದೂವರೆ ಮೊಳ ಹೆಚ್ಚು ಎದ್ದಿತು.

ಆ ದಿನಗಳಲ್ಲಿ ಮೇಸ್ತ್ರಿ ಅಕ್ಕನ ಬೀದಿಗೆ ಕಾಲಿಡಲಿಲ್ಲ. ಬೇರೆ ಕಡೆ ಕೆಲಸ ಜಾಸ್ತಿ ಎಂದು ಹೇಳಿಕಳಿಸುವನು. ಕೆಲಸಕ್ಕೆ ಹೋದಲ್ಲಿ ಆಳುಗಳನ್ನೇ ಹತ್ತಿಸಿ ತಾನು ಕೆಳಗೆ ನಿಂತು ಬೈಯುವನು. ಯಾರಾದರೂ ಕನ್ನಡಕದ ಅಂಗಡಿಯ ಮಾತೆತ್ತಿದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಬಿಲ್ಲೆ ಮುಟ್ಟಿಕೊಳ್ಳುವನು. ಕೊನೆಗೆ ಹೆಂಡತಿಯೇ ಗದರಿಸಿ ಕಳಿಸಿದಳು. ಒಡಹುಟ್ಟಿದವಳು ಸತ್ತಿದ್ದಾಳೋ ಇದ್ದಾಳೋ ನೋಡಿಕೊಂಡು ಬರಲು ನಿಮಗೇನು ಕರೆಯೋಲೆ ಬೇಕೇ ಎಂದಳು.

ಹೋದಾಗ ನಡುಹಗಲು. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಕೋಣೆಯೊಳಗೆ ದೀಪ ಉರಿಯುತ್ತಿತ್ತು. ಅಕ್ಕ ಮೇಜಿನ ಮೇಲೆ ಬಾಗಿ, ವಾದ್ಯತಂಡದವನೊಬ್ಬನ ಕಡುನೀಲಿ ಕೋಟಿನ ಮೊಣಕೈಯಿಂದ ಎಳೆ ಕೀಳುತ್ತಿದ್ದಳು. ನೇಯುತ್ತಿರಲಿಲ್ಲ, ನೇಯ್ದದ್ದನ್ನು ಬಿಚ್ಚುತ್ತಿದ್ದಳು. ಮೇಜಿನ ಮೇಲೆ ಕಿತ್ತ ಎಳೆಗಳ ಸಣ್ಣ ಗುಪ್ಪೆ. ಅವೆಲ್ಲ ಕಪ್ಪು. ಕಡುನೀಲಿಗೆ ಕಪ್ಪು ಎಳೆ ಹಾಕಿ ರಫೂ ಮಾಡಿ ಕೊಟ್ಟಿದ್ದಳು. ಕೋಟಿನವನು ಬಿಸಿಲಿನಲ್ಲಿ ತೋಳೆತ್ತಿದಾಗ ಜೊತೆಯವರು, ಮೊಣಕೈಗೆ ಏನೋ ಮೆತ್ತಿಕೊಂಡಿದೆ ನೋಡು ಎಂದಿದ್ದರು. ಅವನು ಬೈಯದೆ ವಾಪಸು ತಂದುಕೊಟ್ಟಿದ್ದ. ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೋ ಏನೋ. ಅಷ್ಟು ವರ್ಷದಲ್ಲಿ ಅವಳ ಕೈಯಿಂದ ಹೋದ ಬಟ್ಟೆ ಹಿಂದಿರುಗಿ ಬಂದದ್ದು ಅದೇ ಮೊದಲು.

"ಕಣ್ಣಿಗೆ ವಯಸ್ಸಾಯ್ತು ಕಣೋ," ಎಂದಳು ತಲೆಯೆತ್ತದೆ. "ಎದುರಿಗೇ ಕನ್ನಡಕದ ಅಂಗಡಿ ಇಟ್ಕೊಂಡು ಕುರುಡಿ ಆದೆ ನೋಡು. ಒಂದು ಹಾಕಿಸ್ಕೋಬೇಕು."

ಮೇಸ್ತ್ರಿ ಅವಳನ್ನು ಎಬ್ಬಿಸಿ ಕುರ್ಚಿಯ ಮೇಲೆ ತಾನು ಕೂತ. ಕಿಟಕಿಯ ತುಂಬ ಹೊಸ ಸುಣ್ಣದ ಗೋಡೆ. ಗುಮ್ಮಟದ ತುದಿಯ ಕಳಸ ಮಾತ್ರ ಗೋಡೆಯ ಮೇಲೆ ಉಗುರಿನಷ್ಟು ಕಾಣುತ್ತಿತ್ತು. ಮುತ್ತಜ್ಜ ಕೂತು ಉಂಡ ಎತ್ತರ ಅದು. ಅಕ್ಕ ಟೀ ಮಾಡಿಕೊಟ್ಟಳು. ಕುಡಿಯದೆ ಎದ್ದು ಹೋದ.

ಸಮಿತಿಯ ಕಟ್ಟಳೆ ಅವನಿಗೆ ಬಾಯಿಪಾಠ. ತೋರುಗಳ ಕಟ್ಟಿದವನ ಕೈತಪ್ಪಿನಿಂದ ಜನಕ್ಕೆ ಸುಳ್ಳು ಎತ್ತರ ಕಂಡಿದ್ದರೆ, ಕೊಟ್ಟ ಒಪ್ಪಿಗೆ ಬಿದ್ದುಹೋಗುತ್ತದೆ. ಗೋಡೆ ಎದ್ದಿದ್ದರೂ ಸರಿಯೇ, ಮತ್ತೆ ಗಳ ನೆಟ್ಟು ಮತ್ತೆ ವಿಚಾರಣೆ ಮಾಡಬೇಕು. ಕಟ್ಟಿದವನು ಬಿಲ್ಲೆ ಬಿಚ್ಚಿಡಬೇಕು, ಮತ್ತೆ ತೊಡುವಂತಿಲ್ಲ. ಆದರೆ ಗಾಳಿಯೋ ಮಳೆಯೋ ಹುರಿಯನ್ನು ಕದಲಿಸಿದ್ದರೆ ಯಾರ ತಪ್ಪೂ ಇಲ್ಲ. ಬಿಲ್ಲೆಯೂ ಉಳಿಯುತ್ತದೆ, ಒಪ್ಪಿಗೆಯೂ ಉಳಿಯುತ್ತದೆ, ಗೋಡೆಯೂ ನಿಲ್ಲುತ್ತದೆ. ಬಾಯಿ ಬಿಟ್ಟರೆ ಅಪ್ಪನ ಬಿಲ್ಲೆ ಹೋಗುತ್ತದೆ, ಬಿಡದಿದ್ದರೆ ಅಕ್ಕನ ಬೆಳಕು ಹೋಗುತ್ತದೆ. ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುಪ್ಪ.

ಹೆಂಡತಿಗೆ ಹೇಳಿದ. ಕಾಲು ನಡುಗಿದ್ದನ್ನೂ ಹೇಳಿದ, ಗೋಡೆಯ ಕಡೆ ಮುಖ ಮಾಡಿಕೊಂಡು. ಅವಳು ನಗುತ್ತಾಳೆಂದು ಹೆದರಿದ್ದ. ಅವಳು ನಗಲಿಲ್ಲ. ಮೂರನೆಯವರ ಕತೆ ಕೇಳಿದವಳ ಹಾಗೆ ಪಾತ್ರೆ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡಳು.

"ನೀವು ದಿನಾ ಹತ್ತುವಾಗ ಇಲ್ಲಿ ನನ್ ಕಾಲು ನಡುಗ್ತಿತ್ತು. ಮದುವೆ ಆದಾಗಿಂದ. ನಿಮಗೆ ಈಗ ಗೊತ್ತಾಯ್ತಾ ಅದು ಹೇಗಿರತ್ತೆ ಅಂತ?"

"ಈಗ ಏನು ಮಾಡ್ಲಿ ಹೇಳು."

"ಅದನ್ನ ನನ್ನ ಕೇಳ್ಬೇಡಿ. ನಾಳೆ ಬಿಲ್ಲೆ ಹೋದ್ರೂ ನನ್ನಿಂದ ಅಂತೀರಾ, ಅತ್ತಿಗೆ ಕಣ್ಣು ಹೋದ್ರೂ ನನ್ನಿಂದ ಅಂತೀರಾ. ನಿಮ್ಮ ಹುರಿ, ನಿಮ್ಮ ಗಂಟು. ನೀವೇ ಬಿಚ್ಚಿ."

ಮರುದಿನ ಅಕ್ಕನ ಬಳಿ ಹೋಗಿ, ಸಮಿತಿಯ ಮುಂದೆ ಹೇಳಿಬಿಡುತ್ತೇನೆ ಎಂದ. ಅಕ್ಕ ಸೂಜಿ ಕೆಳಗಿಟ್ಟಳು. ಆ ಹೆಣ್ಣು ತಮ್ಮನನ್ನು ಎತ್ತಿ ಆಡಿಸಿದವಳು. ಅಮ್ಮ ಬೇಗ ಹೋದದ್ದರಿಂದ ಅವನ ಮೂಗೊರೆಸಿ, ಅಪ್ಪನ ಹೊಡೆತದಿಂದ ತಪ್ಪಿಸಿ ಬೆಳೆಸಿದವಳು. ಅವಳಿಗೆ ಅವನೆದೆಯ ಬಿಲ್ಲೆ ತಾನೇ ನೇಯ್ದು ಕೂರಿಸಿದ ತೇಪೆಯಂತೆ. ಅವಳು ಕೋಪದಲ್ಲಿ ಜೋರಾಗಿ ಮಾತಾಡುವವಳಲ್ಲ, ಮೆಲ್ಲಗಾಗುವವಳು.

"ನಾನು ದೂರು ಕೊಟ್ನಾ?"

"ಇಲ್ಲ."

"ಯಾರಾದ್ರೂ ಕೊಟ್ರಾ?"

"ಇಲ್ಲಕ್ಕ."

"ಮತ್ತೆ ನಿನಗ್ಯಾಕೆ ಉರಿ? ನಂದು ಇನ್ನೆಷ್ಟು ದಿನದ ಕೆಲಸ. ಬಿಳಿ ಬಟ್ಟೆ ಮಾತ್ರ ಹಿಡಿದ್ರಾಯ್ತು. ಬಿಳೀಗೆ ಬಿಳೀ ಎಳೆ, ಕತ್ತಲಲ್ಲೂ ಮಾಡ್ತೀನಿ. ಅಪ್ಪನ ಬಿಲ್ಲೆ ಬಿಚ್ಚೋದನ್ನ ನಾನು ನೋಡಲ್ಲ ತಮ್ಮ. ನೀನು ಅಲ್ಲಿ ಬಾಯಿ ಬಿಟ್ರೆ ಈ ಮನೆ ಮೆಟ್ಟಿಲು ಹತ್ತಬೇಡ."

ಅಷ್ಟಕ್ಕೇ ಬಿಡಲಿಲ್ಲ. ಅವನು ಅತ್ತ ಹೋಗುತ್ತಲೇ ಚಪ್ಪಲಿ ಮೆಟ್ಟಿಕೊಂಡು ಟೀಚರಮ್ಮನ ಮನೆಗೆ ಹೋದಳು. ಅಲ್ಲಿ ಏನು ಮಾತಾಯಿತೆಂದು ಆಮೇಲೆ ಟೀಚರಮ್ಮನೇ ಹೇಳಿದ್ದುಂಟು. ನನ್ನ ಕಿಟಕಿ, ನನ್ನ ಕಣ್ಣು. ನನಗೇ ಬೇಡವಾದ ನ್ಯಾಯ ಯಾರಿಗೆ ಬೇಕು, ಅವನನ್ನು ಉಳಿಸಿ ಎಂದು ಅಕ್ಕ ಕೇಳಿಕೊಂಡಳಂತೆ. ಟೀಚರಮ್ಮನ ಮನಸ್ಸೂ ಅದನ್ನೇ ಬಯಸುತ್ತಿತ್ತು. ನ್ಯಾಯಾಲಯದ ಮುಂಗೋಡೆ ಉಳಿಸಿದವರ ಮೊಮ್ಮಗನನ್ನು ಒಂದೂವರೆ ಮೊಳದ ಲೆಕ್ಕದಲ್ಲಿ ಬೀದಿಗೆ ತಳ್ಳುವುದೇ? ಹಳೆಯ ಗೋಡೆ ಕಾಯುವವರು ಹಳೆಯ ಮನುಷ್ಯನನ್ನು ಕಾಯಬಾರದೇ?

ಸಮಿತಿ ಕೂಡುವುದು ಹಳೆಯ ಧಾನ್ಯಮಂಡಿಯ ಮೇಲಿನ ಹಜಾರದಲ್ಲಿ. ಉದ್ದನೆಯ ಮೇಜು, ಎದುರಿಗೆ ಬೆಂಚುಗಳು, ಗೋಡೆಗೆ ಒರಗಿಸಿಟ್ಟ ಬಣ್ಣದ ಮಾದರಿ ಹಲಗೆಗಳು. ಅವತ್ತು ಮೊದಲು ಬಂದದ್ದು ಔಷಧಿ ಅಂಗಡಿಯವನ ಬಾಗಿಲ ಬಣ್ಣ. ಅವನಿಗೆ ಹಸಿರು ಬೇಕು, ಬೀದಿಯವರಿಗೆ ಬೇರೆ ಹಸಿರು ಬೇಕು. ಗಿಳಿಯ ಹಸಿರೋ ಪಾಚಿಯ ಹಸಿರೋ ಎಂದು ಬಹಳ ಹೊತ್ತು ಜಗ್ಗಾಡಿದರು. ಒಬ್ಬ ಮುದುಕ, ಬಾಗಿಲು ಯಾವ ಬಣ್ಣವಾದರೇನು, ಒಳಗಿನ ಔಷಧಿ ಕಹಿಯೇ ತಾನೆ ಎಂದಾಗ ಹಜಾರವೆಲ್ಲ ನಕ್ಕಿತು. ಮೇಸ್ತ್ರಿ ನಗಲಿಲ್ಲ. ಹಿಂದಿನ ಬೆಂಚಿನಲ್ಲಿ ಅಕ್ಕ ಕೂತಿದ್ದಳು, ಅವಳ ಪಕ್ಕದಲ್ಲಿ ಅವನ ಹೆಂಡತಿ. ಇನ್ನೊಂದು ತುದಿಯಲ್ಲಿ ಕನ್ನಡಕದವನು, ಇವತ್ತು ತನಗೇನೂ ಕೆಲಸವಿಲ್ಲದಿದ್ದರೂ ಯಾಕೋ ಬರಹೇಳಿದ್ದಾರೆಂದು ಕನ್ನಡಕ ಒರೆಸುತ್ತ ಕೂತಿದ್ದ.

ಪಾಚಿಯ ಹಸಿರು ಗೆದ್ದಿತು. ಮೇಸ್ತ್ರಿ ಎದ್ದು ನಿಂತು, ಕನ್ನಡಕದವರ ಮನೆಗೆ ತಾನು ಕಟ್ಟಿದ ತೋರುಗಳದಲ್ಲಿ ಹುರಿ ಜೋತಿತ್ತು, ಅಕ್ಕನ ಕಿಟಕಿಗೆ ಸುಳ್ಳು ಎತ್ತರ ಕಂಡಿತು ಎಂದ. ಕನ್ನಡಕದವನ ಕೈಯಲ್ಲಿನ ಬಟ್ಟೆ ನಿಂತಿತು.

ಇಲ್ಲಿ, ಮುಂದಾದದ್ದನ್ನು ಹೇಳಿಬಿಡುವುದು ಮೇಲು. ಆ ಒಪ್ಪಿಗೆ ಬಿದ್ದುಹೋಯಿತು. ಬೇರೊಬ್ಬ ಬಂದು ತಂತಿ ಎಳೆದು ಮತ್ತೆ ತೋರುಗಳ ಕಟ್ಟಿದ. ಸಮಿತಿ ಮತ್ತೆ ಆ ಕುರ್ಚಿಯ ಮೇಲೆ ಕೂತು ನೋಡಿ, ಮೇಲಂತಸ್ತಿನ ಮುಂಗೋಡೆಯನ್ನು ಹಿಂದಕ್ಕೆ ಸರಿಸಬೇಕು, ಸೂರನ್ನು ಇಳಿಜಾರು ಮಾಡಬೇಕು ಎಂದಿತು. ಮಗಳ ಕೋಣೆ ಉಳಿಯಿತು, ಸ್ವಲ್ಪ ಕಿರಿದಾಯಿತು. ಕನ್ನಡಕದವನು ಒಂದು ವರ್ಷ ಮೇಸ್ತ್ರಿಯ ಹೆಸರೆತ್ತಿದರೆ ಮುಖ ತಿರುಗಿಸಿದ. ಆಮೇಲೆ ಮುಂದೆ ಉಳಿದ ಜಾಗದಲ್ಲಿ ಹೂಕುಂಡ ಇಟ್ಟುಕೊಂಡು, ಮೊದಲಿನಿಂದಲೂ ತನ್ನ ಯೋಚನೆ ಹೀಗೇ ಇತ್ತು ಎಂದು ಬಂದವರಿಗೆಲ್ಲ ಹೇಳತೊಡಗಿದ. ಅಕ್ಕ ಮಾತು ಬಿಟ್ಟಳು. ಎಷ್ಟು ದಿನ ಎಂದು ಯಾರೂ ಎಣಿಸಲಿಲ್ಲ. ಮೇಸ್ತ್ರಿಯ ಹರಿದ ಅಂಗಿ ಮಾತ್ರ ಹೆಂಡತಿಯ ಕೈಯಲ್ಲಿ ಅಲ್ಲಿಗೆ ಹೋಗಿ, ಹರಿದದ್ದು ಎಲ್ಲೆಂದು ಗೊತ್ತಾಗದ ಹಾಗೆ ಆಗಿ ಬರುತ್ತಿತ್ತು. ಮೇಸ್ತ್ರಿ ಮಂಡಿಯ ಹಿಂದೆ ಗಳ ಸೀಳುವ, ಹುರಿ ಹೊಸೆಯುವ ಕೆಲಸಕ್ಕೆ ಕೂತ. ನೆಲದ ಮೇಲಿನ ಕೆಲಸ.

ಇದೆಲ್ಲ ಆ ಸಭೆಯಲ್ಲಿ ಅವನು ಕೊನೆಗೆ ಆಡಿದ ಮಾತಿನಿಂದ ಆದದ್ದು. ಆ ಮಾತಿಗೆ ಮೊದಲು ಟೀಚರಮ್ಮ ಒಂದು ಬಾಗಿಲು ತೆರೆದಿಟ್ಟಳು. ಅವಳು ಹಿಂದಿನ ಬೆಂಚಿನ ಕಡೆ ಒಮ್ಮೆ ನೋಡಿದಳು. ಅಕ್ಕ ಕಣ್ಣಲ್ಲೇ ಕೈಮುಗಿದಳು. ಟೀಚರಮ್ಮ ಮೇಜಿನ ಮೇಲೆ ಎರಡು ಕೈಯನ್ನೂ ಊರಿ, ದಡ್ಡ ಮಗುವಿಗೆ ಉತ್ತರದ ಅರ್ಧ ತಾನೇ ಹೇಳಿಕೊಡುವ ದನಿಯಲ್ಲಿ ಕೇಳಿದಳು.

"ಮೇಸ್ತ್ರಿ, ಅವತ್ತು ಗಾಳಿ ಜೋರಾಗಿತ್ತಲ್ವಾ? ನನಗೆ ಜ್ಞಾಪಕ ಇದೆ, ನನ್ನ ಕೊಡೆ ತಿರುಗಿಕೊಳ್ತು. ಗಾಳಿಗೆ ಹುರಿ ಸಡಿಲ ಆಗಿರಬೇಕು. ಹೌದು ಅನ್ನಿ, ಅಷ್ಟು ಸಾಕು. ಇಲ್ಲಿ ಯಾರಿಗೂ ನಿಮ್ಮ ಮೇಲೆ ದೂರಿಲ್ಲ."

ಹಜಾರದಲ್ಲಿ ಕೆಲವರು ತಲೆಯಾಡಿಸಿದರು. ಗಾಳಿ ಇತ್ತು ಇತ್ತು ಎಂದು ಇಟ್ಟಿಗೆ ಕೆಲಸದವನೊಬ್ಬ ಹಿಂದಿನಿಂದ ದನಿಗೂಡಿಸಿದ, ಯಾವತ್ತೂ ಕೆಣಕುತ್ತಿದ್ದವನೇ. ಮೇಸ್ತ್ರಿ ಎದೆಯ ಬಿಲ್ಲೆ ಬಿಚ್ಚಿ ಮೇಜಿನ ಮೇಲಿಟ್ಟ.

"ಗಾಳಿ ಇರಲಿಲ್ಲ ಟೀಚರಮ್ಮ. ಬಟ್ಟೆ ಒಂದೂ ಅಲ್ಲಾಡ್ಲಿಲ್ಲ, ನಾನು ಕೆಳಗೇ ನಿಂತಿದ್ದೆ. ಹತ್ತಿ ಬಿಗೀಬೇಕಿತ್ತು. ಹತ್ತೋಕೆ ಹೋಗಿ ಹೆದರಿಕೊಂಡು ಕೂತೆ. ನಮ್ಮನೇಲಿ ಹಾಗೆ ಕೂತಿದ್ದು ನಾನೇ ಮೊದಲು. ನೀವು, ನಮ್ಮಕ್ಕ, ಎಲ್ಲಾ ಸೇರಿ ನನ್ನ ಎತ್ತಿ ಹಿಡೀಬೇಕು ಅಂತಿದೀರಿ, ಗೊತ್ತು. ಬೇಡ, ಬಿಡಿ. ಕೆಳಗೆ ನಿಂತೋನಿಗೆ ಒತ್ತುಗಂಬ ಯಾಕೆ?"